ದಬ್ಬಳ ಕೊಡದ ಸಿದ್ದಗಂಗಮ್ಮ

ಕಂದಿಕೆರೆಯಿಂದ ಸ್ವಲ್ಪ ಆಚೆ, ತೆಂಗಿನ ತೋಟಗಳ ನಡುವಿನ ಊರದು. ಅಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೊದಲು ಹೇಳಿಕಳಿಸುವುದು ಸಿದ್ದಗಂಗಮ್ಮನಿಗೆ. ಎಳೆಗೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಅವಳ ಕೈಯಲ್ಲೇ ಆಗಬೇಕೆಂಬುದು ಊರಿನ ಹೆಂಗಸರ ಹಟ. ಸೆರಗು ಸಿಕ್ಕಿಸಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡಳೆಂದರೆ ಎಂಥ ರಚ್ಚೆ ಹಿಡಿದ ಕೂಸೂ ಎರಡು ಚೊಂಬು ನೀರಿಗೆ ಸುಮ್ಮನಾಗುತ್ತಿತ್ತು. ಐವತ್ತೈದು ದಾಟಿದ ಹೆಂಗಸು, ಮೈಕಟ್ಟು ಸಣ್ಣದು, ದನಿ ಮಾತ್ರ ಬೀದಿಯ ಕೊನೆಗೂ ಕೇಳುವಂಥದ್ದು.

ನೀರೆರೆದು ಸಾಂಬ್ರಾಣಿ ಹೊಗೆ ಕೊಟ್ಟಾದ ಮೇಲೆ ಅವಳದೊಂದು ತನಿಖೆ ಇರುತ್ತಿತ್ತು. "ದಿಂಬಿನ ಕೆಳಗೆ ಅಡಕತ್ತರಿ ಇಕ್ಕಿದ್ದೀರೇನ್ರೇ?" ಇಕ್ಕಿಲ್ಲ ಅಂದರೆ ಮುಗಿಯಿತು, ಆ ಮನೆಯವರ ಗ್ರಹಚಾರ ಬಿಡಿಸಿಬಿಡುವಳು. ಬಾಣಂತಿ ಹಿತ್ತಿಲಿಗೆ ಹೋಗಬೇಕಾದರೆ ಕೈಯಲ್ಲಿ ಕುಡುಗೋಲು ಇರಬೇಕು, ಅದಿಲ್ಲದಿದ್ದರೆ ಒಂದು ಮೊಳೆಯಾದರೂ ಸೆರಗಿನ ಗಂಟಿನಲ್ಲಿರಬೇಕು. ಹೊತ್ತು ಮುಳುಗಿದ ಮೇಲೆ ಬಾಡಿನೂಟವೋ ಹೋಳಿಗೆಯೋ ಮನೆಯಿಂದಾಚೆ ಹೋಗುವುದಾದರೆ ಬುಟ್ಟಿಯಲ್ಲಿ ಇದ್ದಿಲಿನ ಜೊತೆ ಕಬ್ಬಿಣದ ಚೂರು. ಆಲಿಕಲ್ಲು ಬಿದ್ದರೆ ಹಾರೆಯನ್ನು ಅಂಗಳಕ್ಕೆ ಎಸೆಯಬೇಕು. ಅವಳ ಮನೆಯ ಹೊಸ್ತಿಲಿಗೆ ಬಡಿದಿದ್ದ ಕುದುರೆ ಲಾಳ ಎಷ್ಟು ಕಾಲ ತುಳಿಸಿಕೊಂಡಿತ್ತೆಂದರೆ ಮರದೊಳಗೆ ಅರ್ಧ ಹೂತೇ ಹೋಗಿತ್ತು. ಆ ಮನೆತನದಲ್ಲಿ ಯಾರೂ ಕುದುರೆ ಸಾಕಿದ್ದ ನೆನಪಿಲ್ಲ, ಯಾವ ಪುಣ್ಯಾತ್ಮ ಎಲ್ಲಿಂದ ತಂದು ಬಡಿದನೋ ಶಿವನೇ ಬಲ್ಲ.

ಮಗ ಕಲ್ಲೇಶ ಲಗೇಜ್ ಆಟೋ ಓಡಿಸುತ್ತಾನೆ, ಊರಿನ ಕಾಯಿ ಕೊಬ್ಬರಿಯನ್ನೆಲ್ಲ ತಿಪಟೂರಿಗೆ ಸಾಗಿಸುವವನು. ಅವನಿಗೆ ಅವ್ವನನ್ನು ಕೆಣಕದಿದ್ದರೆ ತಿಂದದ್ದು ಅರಗದು.

"ಅವ್ವ, ಕಬ್ಬಿಣ ಕಂಡ್ರೆ ಗಾಳಿ ಗೀಳಿ ಹತ್ರ ಬರಲ್ಲ ಅಂತೀಯ. ನನ್ ಆಟೋ ಪೂರ್ತಿ ಕಬ್ಬಿಣನೇ. ಆದ್ರೂ ವಾರಕ್ಕೊಂದು ಪಂಕ್ಚರ್ ಆಯ್ತದಲ್ಲ?"

"ಟೈರು ರಬ್ಬರು ಕಣ್ಲಾ. ರಬ್ಬರಿಗೆ ನಾನೇನು ಮಾಡ್ಲಿ?" ಎಂದು ಅವಳು ಮುಖ ತಿರುಗಿಸದೆ ಉತ್ತರ ಕೊಡುತ್ತಿದ್ದಳು.

ಈ ಕಟ್ಟಳೆಗಳನ್ನೆಲ್ಲ ಅವಳಿಗೆ ಕಲಿಸಿದ್ದು ಅತ್ತೆ ನಿಂಗಮ್ಮ. ನಿಂಗಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು. ಬದುಕಿದ್ದಾಗ ಆ ಮನೆಯಲ್ಲಿ ಅವರ ಅಪ್ಪಣೆಯಿಲ್ಲದೆ ಬೆಕ್ಕೂ ಸೊಲ್ಲೆತ್ತುತ್ತಿರಲಿಲ್ಲ. ಅವರ ಕಟ್ಟಳೆಗಳಲ್ಲಿ ಎಲ್ಲಕ್ಕಿಂತ ಬಿಗಿಯಾದದ್ದು ಒಂದಿತ್ತು. ಚಾಕು, ಮಚ್ಚು, ಕುಡುಗೋಲು ಯಾವುದನ್ನೂ ಕೈಯಿಂದ ಕೈಗೆ ಕೊಡಕೂಡದು. ಕೊಡುವವರು ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದ ಕಬ್ಬಿಣ ಆ ಇಬ್ಬರ ನಡುವೆ ಜಗಳ ತಂದಿಡದೆ ಬಿಡದು ಎನ್ನುವುದು ಅವರ ಮಾತು.

ಈ ಕಟ್ಟಳೆ ಮುರಿದದ್ದು ಸಿದ್ದಗಂಗಮ್ಮನೇ. ಮೈದುನ ಶಿವರಾಜುವಿನ ಹೆಂಡತಿಯಾಗಿ ನಿರ್ಮಲಾ ಆ ಮನೆಗೆ ಬಂದ ಹೊಸತು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕರು ಹಗ್ಗಕ್ಕೆ ಸುತ್ತಿಕೊಂಡು, ನಾಲಿಗೆ ಹೊರಹಾಕಿ, ಕಣ್ಣು ಮೇಲೆ ಮಾಡಿಬಿಟ್ಟಿತ್ತು. ನಿರ್ಮಲಾ ಅದರ ತಲೆ ಎತ್ತಿ ಹಿಡಿದು "ಅಕ್ಕಾ!" ಎಂದು ಕಿರುಚಿಕೊಂಡಳು. ಸಿದ್ದಗಂಗಮ್ಮ ಸೂರಿನ ಕುಡುಗೋಲು ಕಿತ್ತುಕೊಂಡು ಓಡಿದವಳೇ ವಾರಗಿತ್ತಿಯ ಕೈಗೆ ತುರುಕಿದಳು. ಹಗ್ಗ ತುಂಡಾಯಿತು, ಕರು ಉಳಿಯಿತು. ಕೊಟ್ಟಿಗೆ ಬಾಗಿಲಲ್ಲಿ ನಿಂಗಮ್ಮ ನಿಂತಿದ್ದರು. ಕರು ಉಳಿದ ಸಂತೋಷ ಅವರ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

"ಕೈಯಿಂದ ಕೈಗೆ ಕೊಟ್ರಲ್ಲೇ. ಇನ್ನು ನೀವಿಬ್ರೂ ನಾಯಿ ಬೆಕ್ಕಿನ ಹಂಗೆ ಕಚ್ಚಾಡ್ತೀರ, ನೋಡ್ತಿರಿ. ಈ ಮನೆ ಎರಡಾಯ್ತದೆ."

ಅಷ್ಟಕ್ಕೇ ಬಿಟ್ಟರೇ? ಊರೆಲ್ಲ ಹೇಳಿಕೊಂಡು ಬಂದರು. ಎದುರುಮನೆಯ ಹುಚ್ಚರಂಗಯ್ಯನಂತೂ ಜಗುಲಿ ಮೇಲೆ ಕೂತು, ಇವತ್ತಾದೀತೋ ನಾಳೆಯಾದೀತೋ ಎಂದು ಇತ್ತಲೇ ಕಿವಿ ಕೊಟ್ಟುಕೊಂಡಿದ್ದ. ಆ ರಾತ್ರಿ ಅಡುಗೆಮನೆಯಲ್ಲಿ ಇಬ್ಬರು ಸೊಸೆಯರೂ ಮಾತಾಡಿಕೊಂಡರು. ಜಗಳ ಆಡಬಾರದು, ಏನಾದರೂ ಸರಿಯೇ. ಅತ್ತೆಯ ಮಾತು ಸುಳ್ಳು ಮಾಡಿ ತೋರಿಸಬೇಕು. ನಿರ್ಮಲಾ ಆಣೆ ಇಡಲು ಕೈ ಚಾಚಿದಳು, ಸಿದ್ದಗಂಗಮ್ಮ ಆ ಕೈ ಹಿಡಿದುಕೊಂಡಳು.

ನೋಡಿ, ಆ ಹಟ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು! ಮನೆ ಎರಡಾಯಿತು ನಿಜ, ನಡುವೆ ಗೋಡೆ ಬಂತು, ಆದರೆ ಅಣ್ಣತಮ್ಮ ನಗುನಗುತ್ತ ಕಟ್ಟಿಸಿದ ಗೋಡೆ ಅದು. ಕೊಬ್ಬರಿ ಅಟ್ಟ ಒಂದೇ ಉಳಿಯಿತು, ಅಂಗಳವೂ ಒಂದೇ. ನಿರ್ಮಲಾಳ ಕೋಳಿ ಸಿದ್ದಗಂಗಮ್ಮನ ಸೊಪ್ಪಿನ ಮಡಿ ಕೆದಕಿ ಹಾಳು ಮಾಡಿದಾಗ ಇವಳು ತುಟಿ ಕಚ್ಚಿಕೊಂಡು ಹಿತ್ತಾಳೆ ಪಾತ್ರೆ ಬೆಳಗಲು ಕೂತಳು. ಸಿದ್ದಗಂಗಮ್ಮ ನೆಂಟರೆದುರು "ನಮ್ ನಿರ್ಮಲನ ಸಾರು ನೀರು ನೀರು" ಅಂದುಬಿಟ್ಟ ದಿನ ನಿರ್ಮಲಾ ತೋಟಕ್ಕೆ ಹೋಗಿ ಮಧ್ಯಾಹ್ನದವರೆಗೂ ಒಬ್ಬಳೇ ಕೂತಿದ್ದು ಬಂದಳು. ಬಂದವಳು ನಗುತ್ತಲೇ ಬಂದಳು. ಇವರ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳು ಯಾಕಷ್ಟು ಫಳಫಳ ಎನ್ನುತ್ತವೆಂದು ಊರಿಗೆ ಗೊತ್ತಿರಲಿಲ್ಲ. ಆ ವಾರಗಿತ್ತಿಯರನ್ನು ನೋಡಿ ಕಲಿಯಿರಿ ಎಂದು ಬೇರೆ ಮನೆಗಳಲ್ಲಿ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು.

ಹೋದ ವರ್ಷ ನಿರ್ಮಲಾಳ ಮಗಳು ನಯನ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ತಿಪಟೂರಿನ ಆಸ್ಪತ್ರೆಯಲ್ಲಿ ಗಂಡು ಕೂಸಾಯಿತು. ಮನೆಗೆ ಕಳಿಸುವಾಗ ಡಾಕ್ಟರು ಕೂಸಿನ ಹಣೆ ಒತ್ತಿ ನೋಡಿ, "ಸ್ವಲ್ಪ ಹಳದಿ ಇದೆ, ಸಾಮಾನ್ಯವಾಗಿ ತಾನೇ ಹೋಗುತ್ತೆ. ಕಾಲಿನವರೆಗೆ ಇಳಿದರೆ, ಇಲ್ಲ ಹಾಲು ಕುಡಿಯದೆ ಮಂಕಾದರೆ, ಒಂದು ಗಳಿಗೆಯೂ ಕಾಯದೆ ಕರೆದುಕೊಂಡು ಬನ್ನಿ" ಎಂದಿದ್ದರು. ಆ ಮಾತನ್ನು ಸಿದ್ದಗಂಗಮ್ಮ ಕಿವಿಗೊಟ್ಟು ಕೇಳಿಸಿಕೊಂಡಿದ್ದಳು. ನಿರ್ಮಲಾ ಆಗ ಬಟ್ಟೆಬರೆ ಗಂಟು ಕಟ್ಟುವ ಗಡಿಬಿಡಿಯಲ್ಲಿದ್ದಳು.

ಮನೆಗೆ ಬಂದ ಕೆಲವೇ ದಿನಕ್ಕೆ, ಬೆಳಿಗ್ಗೆ ನೀರೆರೆಯಲು ಕೂಸನ್ನು ಕಾಲಮೇಲೆ ಮಲಗಿಸಿಕೊಂಡ ಸಿದ್ದಗಂಗಮ್ಮ ಅದರ ಕಾಲು ತಿರುಗಿಸಿ ನೋಡಿದಳು. ಹಳದಿ ತೊಡೆ ದಾಟಿ ಅಂಗಾಲಿಗೆ ಇಳಿದಿತ್ತು. ತಲೆ ಮೇಲೆ ನೀರು ಬಿದ್ದರೂ ಕೂಸು ಅಳಲಿಲ್ಲ. ಇಷ್ಟು ಕೂಸುಗಳಿಗೆ ನೀರೆರೆದವಳಿಗೆ ಅಳದ ಕೂಸು ಕಂಡರೆ ಭಯ.

"ನಿರ್ಮಲಾ, ಕೂಸ್ನ ಈಗ್ಲೇ ತಿಪಟೂರಿಗೆ ತೋರ್ಸಾಣ ಕಣೇ" ಎಂದಳು.

"ಅಯ್ಯೋ ಅಕ್ಕ, ಇವತ್ತು ಅಮಾಸೆ. ಹಸಿ ಬಾಣಂತಿ, ಹಸಿಗೂಸು, ಹೊಸ್ತಿಲು ದಾಟ್ಸಾದುಂಟಾ? ನಾನು ನೋಡ್ಕೊತೀನಿ ಬುಡು."

ಬೇರೆಯವರ ಮನೆಯಾಗಿದ್ದರೆ ಸಿದ್ದಗಂಗಮ್ಮ ಅಲ್ಲೇ ರಂಪ ಎಬ್ಬಿಸುತ್ತಿದ್ದಳು. ಇದು ನಿರ್ಮಲಾಳ ಮನೆ. ಗಂಟಲಿಗೆ ಬಂದ ಮಾತನ್ನು ವಾಡಿಕೆಯಂತೆ ನುಂಗಿಕೊಂಡು, ಕೂಸನ್ನು ಒರೆಸಿ ನಯನಳ ಮಗ್ಗುಲಲ್ಲಿ ಮಲಗಿಸಿ, ತನ್ನ ಮನೆಗೆ ಬಂದು ಪಾತ್ರೆ ಬೆಳಗಲು ಕೂತಳು. ಹುಣಸೆಹಣ್ಣು ಹಚ್ಚಿ ಉಜ್ಜಿದ ಚೊಂಬನ್ನೇ ಮತ್ತೆ ಮತ್ತೆ ಉಜ್ಜಿದಳು. ಕೂಸಿನ ಅಂಗಾಲು ಕಣ್ಣಿಂದ ಹೋಗಲೊಲ್ಲದು.

ಆಗ ನಿರ್ಮಲಾ ಬಾಗಿಲಿಗೆ ಬಂದಳು.

"ಅಕ್ಕ, ಅತ್ತೆಮ್ಮನ ದಬ್ಬಳ ನಿನ್ ತಾವೇ ಐತಲ್ಲ? ಕೊಡು."

ದಬ್ಬಳವೆಂದರೆ ಕೊಬ್ಬರಿ ಚೀಲ ಹೊಲಿಯುವ ಗೇಣುದ್ದದ ಕಬ್ಬಿಣದ ಸೂಜಿ. ಅಟ್ಟದ ಏಣಿಯ ಪಕ್ಕ, ತೊಲೆಯ ಸಂದಿಯಲ್ಲಿ ಅದು ಸಿಕ್ಕಿಸಿಯೇ ಇರುತ್ತಿತ್ತು.

"ಈಗ್ಯಾವ ಚೀಲ ಹೊಲೀಬೇಕು?"

"ಚೀಲ ಅಲ್ಲಕ್ಕ. ಕೂಸಿಗೆ ಕಾಮಾಲೆ ಇಳಿದೈತೆ. ಹೊಟ್ಟೆ ಮೇಲೆ ಒಂದು ಬರೆ ಎಳೆದುಬುಟ್ರೆ ಸಂಜೆಗೆಲ್ಲ ಸರಿಹೋಯ್ತದೆ. ನಿನ್ ಕಲ್ಲೇಶನಿಗೂ ಅತ್ತೆಮ್ಮ ಇದೇ ದಬ್ಬಳದಾಗೆ ತಾನೇ ಹಾಕಿದ್ದು? ಹಂಗಾಗಿ ತಾನೇ ಅವನು ಉಳಿದಿದ್ದು?"

ಸಿದ್ದಗಂಗಮ್ಮ ಚೊಂಬು ಕೆಳಗಿಟ್ಟು ಎದ್ದಳು. ಆ ಕತೆಯನ್ನು ನಿಂಗಮ್ಮ ಊರಿಗೆಲ್ಲ ಹೇಳಿದ್ದು ಹಾಗೆ. ನಡೆದದ್ದೇ ಬೇರೆ. ಬರೆ ಹಾಕಿದ ಮೇಲೆ ಕಲ್ಲೇಶನ ಹೊಟ್ಟೆ ಕೀವಾಗಿ, ಜ್ವರ ಏರಿ, ಕೂಸು ಸೆಟೆದುಕೊಂಡು, ಗಂಡ ನಂಜುಂಡಪ್ಪ ಅವ್ವನ ಮಾತು ಮೀರಿ ಬೆಳಗಿನ ಮೊದಲ ಬಸ್ಸಿಗೆ ತಿಪಟೂರಿಗೆ ಹೊತ್ತೊಯ್ದಿದ್ದ. ಬದುಕಿಸಿದ್ದು ಆಸ್ಪತ್ರೆ. ಮನೆಗೆ ಬಂದ ಮೇಲೆ ಹೆಸರು ಬಂದದ್ದು ಬರೆಗೆ. ಆಮೇಲೆ ಮದುವೆಯಾಗಿ ಬಂದ ನಿರ್ಮಲಾಳಿಗೆ ಅತ್ತೆ ಹೇಳಿದ್ದೇ ವೇದ.

ಅದನ್ನು ಬಿಡಿಸಿ ಹೇಳುವಷ್ಟು ಉಸಿರು ಈಗ ಸಿದ್ದಗಂಗಮ್ಮನಿಗೆ ಇರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಕೊಡಾಕಿಲ್ಲ."

ನಿರ್ಮಲಾ ನಕ್ಕಳು. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು, ಪಾಪ. ಇಷ್ಟು ವರ್ಷದಲ್ಲಿ ಇಲ್ಲ ಅನ್ನುವ ಮಾತು ಈ ಬಾಗಿಲಲ್ಲಿ ಅವಳು ಕೇಳಿದ್ದೇ ಇಲ್ಲ. ತಾನೇ ತೊಲೆಯ ಕಡೆ ಹೆಜ್ಜೆ ಇಟ್ಟಳು. ಸಿದ್ದಗಂಗಮ್ಮ ಏಣಿಗೆ ಅಡ್ಡ ನಿಂತಳು.

"ಕೊಡಾಕಿಲ್ಲ ಅಂದೆ ಕಣೇ. ಆ ಕೂಸಿನ ಮೈಗೆ ಕಾದ ಕಬ್ಬಿಣ ಮುಟ್ಟಿಸಾಕೆ ಬುಟ್ರೆ ನಾನು ಮನುಷ್ಯಳೇ ಅಲ್ಲ!"

"ನನ್ ಮೊಮ್ಮಗ ಅವನು. ನೀನ್ಯಾರು ಅಡ್ಡ ಬರಾಕೆ?"

ಬಂತು. ಇಷ್ಟು ಕಾಲ ಕಟ್ಟಿಹಾಕಿದ್ದ ಮಾತು ಬಂದೇ ಬಂತು. ಹೇಳಿದ ನಿರ್ಮಲಾಳೇ ಬೆಚ್ಚಿಬಿದ್ದಳು, ಆದರೆ ಹಿಂದೆಗೆಯಲಿಲ್ಲ. "ನಿನ್ ದಬ್ಬಳ ನೀನೇ ಇಕ್ಕೊ. ನಮ್ಮನೇಲಿ ಕುಡುಗೋಲಿಗೇನು ಬರವಾ?" ಎಂದು ದಡದಡ ನಡೆದಳು.

ಸಿದ್ದಗಂಗಮ್ಮ ಅವಳ ಹಿಂದೆಯೇ ಅಂಗಳ ದಾಟಿದಳು. ಕೂಗಿದಳು ಎಂದರೆ ಎಂಥ ಕೂಗು! ನಿರ್ಮಲಾ ತಿರುಗಿ ಕೂಗಿದಳು. ಪಾತ್ರೆ ಬಿಟ್ಟು, ದನ ಬಿಟ್ಟು, ಟಿ.ವಿ. ಬಿಟ್ಟು ಬೀದಿಯ ಜನ ಬಂದು ನಿಂತರು. ಮುದುಕನಾಗಿದ್ದ ಹುಚ್ಚರಂಗಯ್ಯ ಜಗುಲಿಯಿಂದ ಎದ್ದು, "ಬಂತಲ್ಲಪ್ಪಾ! ನಿಂಗಮ್ಮಕ್ಕನ ಮಾತು ಬಂತಲ್ಲ!" ಎಂದು ಹಣೆ ಹಣೆ ಬಡಿದುಕೊಂಡ. ಅವನ ದನಿಯಲ್ಲಿ ದುಃಖಕ್ಕಿಂತ ತೃಪ್ತಿಯೇ ಹೆಚ್ಚಿತ್ತು.

ಸಿದ್ದಗಂಗಮ್ಮನ ಕಿವಿಗೆ ಅದು ಬಿತ್ತು. ಒಂದು ಗಳಿಗೆ ಕಾಲು ನಿಂತವು. ಅಷ್ಟು ವರ್ಷ ನುಂಗಿದ ಸಿಟ್ಟು, ಅಷ್ಟು ಬೆಳಗಿದ ಪಾತ್ರೆ, ಎಲ್ಲವೂ ಬೀದಿಯ ಎದುರು ಮಣ್ಣುಪಾಲಾಗುತ್ತಿತ್ತು. ಆದರೆ ಹೋದರೆ ಹೋಗಲಿ ಎಂದುಕೊಂಡಳು. ಅತ್ತೆ ಗೆಲ್ಲಲಿ, ಊರು ನಗಲಿ, ಕೂಸಿನ ಹೊಟ್ಟೆ ಸುಡಬಾರದು.

ನಿರ್ಮಲಾ ಬಚ್ಚಲ ನೀರೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ತೆಂಗಿನ ಮಟ್ಟೆಯ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಕುಡುಗೋಲಿನ ತುದಿ ಅದರೊಳಗಿತ್ತು. ಸಿದ್ದಗಂಗಮ್ಮ ಹಿಂದುಮುಂದು ನೋಡಲಿಲ್ಲ. ಪಕ್ಕದಲ್ಲಿದ್ದ ತಣ್ಣೀರಿನ ಬಿಂದಿಗೆ ಎತ್ತಿ ಒಲೆಯೊಳಕ್ಕೆ ಸುರಿದಳು. ಭುಸ್ಸೆಂದು ಬೂದಿ, ಹೊಗೆ, ಬಿಸಿ ಹಬೆ ಇಬ್ಬರ ಮುಖಕ್ಕೂ ಬಡಿಯಿತು.

"ಬಾಣಂತಿ ಮನೆ ಒಲೆಗೆ ನೀರು ಹುಯ್ದಲ್ಲಕ್ಕ!" ನಿರ್ಮಲಾ ಎದೆ ಬಡಿದುಕೊಂಡಳು. "ನೀನಾ? ಇದೇನು ಅಪಶಕುನ ಮಾಡ್ದೆ!"

"ಹೂಂ, ನಾನೇ. ಬೇಕಾದ್ರೆ ಇನ್ನೊಂದು ಬಿಂದಿಗೆ ಹುಯ್ತೀನಿ."

ಗಲಾಟೆಗೆ ಕಲ್ಲೇಶ ಬಂದ. ಕಾಯಿ ತುಂಬುತ್ತಿದ್ದ ಆಟೋ ಹಾಗೇ ಬಿಟ್ಟು ಓಡಿಬಂದಿದ್ದ. ಸಿದ್ದಗಂಗಮ್ಮ ಮಗನ ಅಂಗಿ ಹಿಡಿದು ಮೇಲಕ್ಕೆಳೆದಳು. ಹೊಕ್ಕುಳ ಪಕ್ಕದಲ್ಲಿ ಚರ್ಮ ಸುರುಟಿಕೊಂಡ, ಬಿಳಿಚಿದ ದೊಡ್ಡ ಕಲೆ.

"ಇದು ದಬ್ಬಳದ ಗುರ್ತು ಅಂದ್ಕೊಂಡಿದ್ದೀಯಾ? ದಬ್ಬಳ ಇಷ್ಟಗಲ ಐತಾ? ಇದು ಕೀವು ತಿಂದ ಗುರ್ತು. ನನ್ ಕೂಸು ಸೆಟೆದ್ಕೊಂಡು ಕಣ್ಣು ತಿರುಗಿಸಿತ್ತು ಕಣೇ. ತಿಪಟೂರಿನ ಡಾಕ್ಟ್ರು ಉಳಿಸಿದ್ರು, ಬರೆ ಅಲ್ಲ. ಬರೆ ಅವನ್ನ ಕೊಲ್ತಿತ್ತು."

ನಿರ್ಮಲಾ ಕಲೆಯನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಬಿಗಿದ ನಯನ ಕೂಸನ್ನು ಎದೆಗವಚಿಕೊಂಡು ಹೊರಗೆ ಬಂದಳು. ಅವ್ವನ ಕಡೆ ನೋಡಲಿಲ್ಲ, ದೊಡ್ಡಮ್ಮನ ಕಡೆಯೂ ನೋಡಲಿಲ್ಲ.

"ಕಲ್ಲೇಶಣ್ಣ, ಆಟೋ ತೆಗಿ" ಎಂದಳು. "ಬೆಳಿಗ್ಗೆಯಿಂದ ಹಾಲು ಕುಡಿದಿಲ್ಲ ಇವ್ನು."

ಸಿದ್ದಗಂಗಮ್ಮ ಒಳಗೆ ಓಡಿದಳು. ದಿಂಬಿನ ಕೆಳಗಿನ ಅಡಕತ್ತರಿ ತಂದು ನಯನ ಹೊದ್ದ ಶಾಲಿನ ಮಡಿಕೆಯಲ್ಲಿ ತುರುಕಿದಳು. ಆ ಅವಸರದಲ್ಲೂ ಕಲ್ಲೇಶನಿಗೆ ನಗು ಬಂತು. "ಇಷ್ಟಾದ್ಮೇಲೂನಾ ಅವ್ವ?"

"ಸುಮ್ಕೆ ಗಾಡಿ ಬುಡ್ಲಾ. ಕಬ್ಬಿಣ ಇರೋದು ಕೂಸ್ನ ಕಾಯಾಕೆ, ಸುಡಾಕಲ್ಲ."

ನಿರ್ಮಲಾ ಬರಲಿಲ್ಲ. ಬಚ್ಚಲ ಬಾಗಿಲಿಗೆ ಆನಿಕೊಂಡು, ಮುಖಕ್ಕೆ ಹತ್ತಿದ ಬೂದಿಯನ್ನೂ ಒರೆಸಿಕೊಳ್ಳದೆ ನಿಂತಿದ್ದಳು.

ಆಸ್ಪತ್ರೆಯಲ್ಲಿ ಕೂಸಿನ ರಕ್ತ ತೆಗೆದು ನೋಡಿದರು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. "ಇವತ್ತೇ ತಂದಿರಿ, ಬದುಕಿದಿರಿ. ತಡ ಮಾಡಿದ್ದರೆ ಮಿದುಳಿಗೆ ಪೆಟ್ಟಾಗುತ್ತಿತ್ತು" ಎಂದು ಡಾಕ್ಟರಮ್ಮ ಹೇಳಿದಾಗ ನಯನ ದೊಡ್ಡಮ್ಮನ ಮಡಿಲಿಗೆ ತಲೆ ಇಟ್ಟು ಬಿಕ್ಕಿಬಿಕ್ಕಿ ಅತ್ತಳು. ಕೂಸು ಕೊನೆಗೊಮ್ಮೆ ಬಾಯಿ ತೆರೆದು ಕಿಟಾರನೆ ಕಿರುಚಿದಾಗ ವಾರ್ಡಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ಸಿದ್ದಗಂಗಮ್ಮನಿಗೆ ಆ ಅಳು ಎಷ್ಟು ಕೇಳಿದರೂ ಸಾಕೆನಿಸಲಿಲ್ಲ.

ಕೂಸು ಗುಣವಾಗಿ ಮನೆಗೆ ಬಂತು. ನಿರ್ಮಲಾ ಆರತಿ ಎತ್ತಿ ಮಗಳನ್ನೂ ಮೊಮ್ಮಗನನ್ನೂ ಒಳಗೆ ಕರೆದುಕೊಂಡಳು. ಅಕ್ಕನ ಕಡೆ ಕಣ್ಣೆತ್ತಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಊರು ತೀರ್ಮಾನಕ್ಕೆ ಬಂದಾಗಿತ್ತು. ನಿಂಗಮ್ಮನ ಮಾತು ತಡವಾದರೂ ಸುಳ್ಳಾಗಲಿಲ್ಲ ಎಂದು ಹುಚ್ಚರಂಗಯ್ಯ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

"ನೀರೆರೆಯಾಕೆ ಹೋಗ್ಬೇಡ ಬುಡು. ಮಾತಾಡ್ದಿರೋರ ಮನೆ ಬಾಗ್ಲಿಗೆ ಯಾಕೆ ಹೋಗ್ತೀಯ?" ಎಂದ ನಂಜುಂಡಪ್ಪ.

"ಅವಳು ಮಾತಾಡ್ದಿದ್ರೆ ಬುಡ್ಲಿ. ಕೂಸಿನ ಮೈ ಕೊಳೆ ಆಗಲ್ವಾ?" ಎಂದು ಸಿದ್ದಗಂಗಮ್ಮ ದಿನಾ ಹೊತ್ತಿಗೆ ಸರಿಯಾಗಿ ಹೋದಳು. ನಿರ್ಮಲಾ ಬಿಸಿನೀರು ತೋಡಿಟ್ಟು ಒಳಗೆ ಹೋಗಿಬಿಡುವಳು. ಇವಳು ಕಾಲು ನೀಡಿ ಕೂತು ಎರೆಯುವಳು. ಹೊರಗಿಂದ ನೋಡಿದರೆ ಗಟ್ಟಿಗಿತ್ತಿ. ಒಳಗೆ ಅವಳಿಗೆ ಊಟ ಸೇರುತ್ತಿರಲಿಲ್ಲ, ಸಂಜೆಯಾದರೆ ಗೋಡೆಯಾಚೆಯ ಪಾತ್ರೆ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದಳು. ಬೈದರೂ ತಡೆದುಕೊಂಡೇನು, ಈ ಮೌನ ತಡೆಯಲಾರೆ ಎನಿಸುತ್ತಿತ್ತು. ಆದರೂ ಒಂದು ದಿನವೂ ಹೋಗುವುದನ್ನು ತಪ್ಪಿಸಲಿಲ್ಲ.

ತೊಟ್ಟಿಲ ಶಾಸ್ತ್ರ ಹತ್ತಿರ ಬಂದಿದ್ದ ಒಂದು ಬೆಳಿಗ್ಗೆ. ಸಿದ್ದಗಂಗಮ್ಮ ಬಚ್ಚಲಲ್ಲಿ ಕೂತಿದ್ದಳು. ನಿರ್ಮಲಾ ಬಿಸಿನೀರಿನ ಕೊಳದಪ್ಪಲೆ ತಂದು ದಡ್ಡೆಂದು ಇಟ್ಟಳು. ಒಳಗೆ ಹೋಗಲಿಲ್ಲ.

"ಒಂದು ಕೇಳ್ತೀನಿ. ನೆಟ್ಟಗೆ ಹೇಳು."

"ಕೇಳು."

"ಕಲ್ಲೇಶ ಅವತ್ತು ಸಾಯೋ ಹಂಗಾಗಿದ್ದ ಅಂತ ನಂಗ್ಯಾಕೆ ಹೇಳ್ಲಿಲ್ಲ? ಅತ್ತೆಮ್ಮ ಹೋಗಿ ಎಷ್ಟು ವರ್ಷ ಆಯ್ತು? ಒಂದಿನಕ್ಕಾದ್ರೂ ಹೇಳಿದ್ಯಾ?"

ಸಿದ್ದಗಂಗಮ್ಮ ತಲೆ ತಗ್ಗಿಸಿದಳು. "ನೀನು ಅತ್ತೆ ಕಡೆ ಮಾತಾಡ್ತೀಯ, ಮಾತಿಗೆ ಮಾತು ಬೆಳೀತದೆ ಅಂತ. ಜಗಳ ಆಗ್ಬಾರ್ದು ಅಂತ ಕಣೇ."

"ಜಗಳ ಆಗ್ಬಾರ್ದು ಅಂತ!" ನಿರ್ಮಲಾಳ ದನಿ ಸೀಳಿತು. "ನಿನ್ ಸುಮ್ಮನಿರೋ ಹಟಕ್ಕೆ ನನ್ ಕೈಯಾಗೇ ನನ್ ಮೊಮ್ಮಗನ್ನ ಸುಡಿಸ್ತಿದ್ದಲ್ಲೇ! ನಾನೇನು ರಾಕ್ಷಸಿಯಾ? ಗೊತ್ತಿದ್ದಿದ್ರೆ ಒಲೆ ಮುಂದೆ ಕೂರ್ತಿದ್ನಾ? ರಾತ್ರಿ ಕಣ್ಣು ಮುಚ್ಚಿದ್ರೆ ಆ ಕೆಂಡನೇ ಕಾಣ್ತದೆ ನಂಗೆ. ಅದ್ಕೇ ನಿನ್ ಮುಖ ನೋಡಾಕೆ ಆಯ್ತಿಲ್ಲ. ಸಿಟ್ಟಿಗಲ್ಲ, ನಾಚಿಕೆಗೆ!"

ಅತ್ತಳು, ಅಳುತ್ತಳುತ್ತಲೇ ಬೈದಳು. ಕೋಳಿ, ಸಾರು, ನೆಂಟರ ಎದುರಿನ ಮಾತು, ಅಕ್ಕ ತನ್ನನ್ನು ಕೇಳದೆಯೇ ಅಟ್ಟದ ಕಾಯಿ ಮಗುಚಿದ್ದು, ಎಲ್ಲ ಹೊರಬಂತು. ಸಿದ್ದಗಂಗಮ್ಮ ಬಿಟ್ಟಾಳೆಯೇ? ಅವಳೂ ತನ್ನ ಸೊಪ್ಪಿನ ಮಡಿಯಿಂದ ಶುರು ಹಚ್ಚಿಕೊಂಡಳು. ಎದುರು ಜಗುಲಿಯಿಂದ "ಏನ್ರವ್ವಾ ಅದು, ಮತ್ತೆ ಜಗಳಾನಾ?" ಎಂದ ಹುಚ್ಚರಂಗಯ್ಯನಿಗೆ ಯಾರೂ ಉತ್ತರ ಕೊಡಲಿಲ್ಲ. ಎರಡೂ ಕಡೆ ಸರಕು ಮುಗಿದು ಉಸಿರು ಕಟ್ಟಿದಾಗ ನಿರ್ಮಲಾ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇನ್ಮೇಲೆ ಏನಿದ್ರೂ ಮುಖಕ್ಕೆ ಹೇಳಕ್ಕ. ಯಾರು ನಕ್ರೂ ನಗ್ಲಿ. ಹೊಟ್ಟೇಲಿ ಮಾತ್ರ ಇಕ್ಕೋಬೇಡ."

ಸಿದ್ದಗಂಗಮ್ಮ ಕೊಳದಪ್ಪಲೆಯಿಂದ ಏಳುತ್ತಿದ್ದ ಹಬೆಯನ್ನು ನೋಡಿದಳು.

"ಹಂಗಾದ್ರೆ ಈಗ್ಲೇ ಹೇಳ್ತೀನಿ. ನೀರು ಜಾಸ್ತಿ ಕಾದೈತೆ."

"ಎಲ್ಲಿ ಕಾದೈತೆ? ಹದವಾಗೈತೆ."

"ಕಾದೈತೆ ಅಂದೆ."

"ಇಲ್ಲ ಅಂದೆ. ಕೈ ಇಕ್ಕಿ ನೋಡ್ದೆ ಹೇಳ್ತೀಯಲ್ಲ!"

"ನೀನೇ ಇಕ್ಕಿ ನೋಡು."

ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ಬಂದು ನಿಂತ ನಯನ ಒಮ್ಮೆ ಅವ್ವನನ್ನೂ ಒಮ್ಮೆ ದೊಡ್ಡಮ್ಮನನ್ನೂ ನೋಡಿದಳು. ನಿರ್ಮಲಾ ಮುಖ ಗಂಟಿಕ್ಕಿಕೊಂಡೇ ಬಗ್ಗಿ ನೀರಿಗೆ ಬೆರಳದ್ದಿದಳು, ಚುರ್ರೆಂದು ಹಿಂದಕ್ಕೆಳೆದುಕೊಂಡಳು. ಆಮೇಲೆ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು, ಬೈದುಕೊಳ್ಳುತ್ತಲೇ, ತಣ್ಣೀರು ತರಲು ಹೋದಳು.